ತೋಳದ ಮೇಲೆ ಗೂಬೆ ಕೂರಿಸೋ ಮುಂಚೆ ನಾಯಿಗೆ ಲಸಿಕೆ ಹಾಕಿಸಿ

ಈರುಳ್ಳಿ ಹಾಕೋ ಮುಂಚೆ ನಮ್ಮ ಹೊಲದಲ್ಲಿ ಪ್ರತಿ ವರ್ಷ ಕುರಿ ಮಂದೆ ನಿಲ್ಲಿಸ್ತೀವಿ. ಸಾವಯವ ಮಾಡೋರಿಗೆ ಅದಕ್ಕಿಂತ ಒಳ್ಳೆ ಗೊಬ್ಬರ ಸಿಗಲ್ಲ. ಈ ಸಲ ಎರಡನೇ ರಾತ್ರಿಯೇ ನಾಲ್ಕು ಕುರಿ ಸತ್ತವು, ಆರಕ್ಕೆ ಗಾಯ. ಬೆಳಗಾಗೋ ಹೊತ್ತಿಗೆ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ‘ತೋಳ ಬಂದಿದೆ’ ಅಂತ ಸುದ್ದಿ. ಕುರಿ ಕಾಯೋ ಅಣ್ಣ ಮಾತ್ರ ಗಾಯ ನೋಡಿ ತಲೆ ಅಲ್ಲಾಡಿಸಿದ್ರು. “ತೋಳ ಆಗಿದ್ರೆ ಒಂದನ್ನ ಎತ್ಕೊಂಡು ಹೋಗ್ತಿತ್ತು ಕಣಪ್ಪ. ಇದು ನಾಯಿ ಕೆಲ್ಸ.”

ತೋಳ ಸಾಮಾನ್ಯವಾಗಿ ಗಂಟಲು ಹಿಡಿಯುತ್ತೆ, ಕೊಂದದ್ದನ್ನು ಎಳ್ಕೊಂಡು ಹೋಗಿ ತಿನ್ನುತ್ತೆ. ಬೀದಿ ನಾಯಿಗಳು ತೊಡೆ, ಹಿಂಗಾಲು, ಬಾಲದ ಬುಡ ಸಿಕ್ಕಲ್ಲಿ ಕಚ್ಚಿ, ಹತ್ತಾರನ್ನು ಗಾಯ ಮಾಡಿ ಹಾಗೇ ಬಿಟ್ಟು ಹೋಗ್ತವೆ. ಇದು ನೂರಕ್ಕೆ ನೂರು ನಿಜವಾಗೋ ಲೆಕ್ಕ ಅಲ್ಲ. ಅದಕ್ಕೇ ಸತ್ತ ಕುರಿಯನ್ನು ಕದಲಿಸೋ ಮುಂಚೆ ಗಾಯ, ಹೆಜ್ಜೆ ಗುರುತು ಎರಡರ ಫೋಟೋ ತೆಗೆದಿಟ್ಟುಕೊಳ್ಳಿ. ಕಾಡುಪ್ರಾಣಿ ಕೊಂದಿದ್ರೆ ಅರಣ್ಯ ಇಲಾಖೆಯಿಂದ ಪರಿಹಾರ ಕೇಳೋಕೆ ಅದೇ ಆಧಾರ.

ಕಡೂರು, ತರೀಕೆರೆ, ಅಜ್ಜಂಪುರದ ಅಮೃತಮಹಲ್ ಕಾವಲುಗಳು ಇರೋದ್ರಿಂದ್ಲೇ ನಮ್ಮ ಕಡೆ ಇನ್ನೂ ತೋಳ ಉಳಿದಿವೆ. ಕಡೂರು ತಾಲ್ಲೂಕಿನ ಬಾಸೂರು ಕಾವಲನ್ನು 2011ರಲ್ಲಿ ಸಂರಕ್ಷಣಾ ಮೀಸಲು ಅಂತ ಘೋಷಿಸಿದ್ರು. ಅದು ಏಳು ಚದರ ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ತೋಳಕ್ಕೆ ಅಷ್ಟು ಜಾಗ ಏನಕ್ಕೂ ಸಾಲಲ್ಲ. ಹಗಲು ಕಾವಲಿನಲ್ಲಿ ಮಲಗಿ ರಾತ್ರಿ ನಮ್ಮ ಹೊಲದ ಬದುವಿನ ಮೇಲೇ ಓಡಾಡುತ್ತೆ. ದೇಶದಲ್ಲಿ ಒಟ್ಟು ಸುಮಾರು ಮೂರು ಸಾವಿರ ತೋಳ ಇರಬಹುದು ಅನ್ನೋದು ಅಂದಾಜು. ಹುಲಿಗಿಂತ ಕಡಿಮೆ!

ನಾಯಿ ತೋಳದ ಬೇಟೆ ಕಸಿಯೋದು, ಮರಿಗಳನ್ನು ಕೊಲ್ಲೋದು ಕಣ್ಣಿಗೆ ಕಾಣುತ್ತೆ. ಕಾಣದ್ದು ರೋಗ. ರೇಬೀಸ್ ಎಲ್ಲರಿಗೂ ಗೊತ್ತು. ಡಿಸ್ಟೆಂಪರ್‌ನಲ್ಲಿ ಕಣ್ಣು ಮೂಗು ಸೋರಿ, ಕೆಮ್ಮು ಬಂದು, ಕೊನೆಗೆ ಫಿಟ್ಸ್ ಬರುತ್ತೆ. ಪಾರ್ವೋ ಬಂದ ಮರಿ ರಕ್ತಭೇದಿ ಆಗಿ ಸಾಯುತ್ತೆ. ಒಂದೇ ಸತ್ತ ದನಕ್ಕೆ ಸಂಜೆ ನಾಯಿ, ರಾತ್ರಿ ತೋಳ ಬಾಯಿ ಹಾಕಿದ್ರೆ ಸಾಕು, ರೋಗ ದಾಟುತ್ತೆ. ತೋಳ ಮರಿ ಹಾಕೋದು ಹೆಚ್ಚಾಗಿ ಚಳಿಗಾಲದಲ್ಲಿ, ಆಗ ಗುಂಪಿಗೆ ರೋಗ ಬಂದ್ರೆ ಆ ವರ್ಷದ ಮರಿಗಳೆಲ್ಲಾ ಹೋದಂಗೆ. 2018ರಲ್ಲಿ ಗಿರ್‌ನಲ್ಲಿ 20ಕ್ಕೂ ಹೆಚ್ಚು ಸಿಂಹ ಸತ್ತಾಗ ಡಿಸ್ಟೆಂಪರ್ ವೈರಸ್ ಪತ್ತೆಯಾಗಿತ್ತು. ಇಥಿಯೋಪಿಯಾದ ಬಾಲೆ ಬೆಟ್ಟಗಳಲ್ಲಿ ಹಳ್ಳಿ ನಾಯಿಗಳಿಂದ ಬಂದ ರೇಬೀಸ್ ಅಲ್ಲಿನ ತೋಳಗಳನ್ನು ಮತ್ತೆ ಮತ್ತೆ ಬಲಿ ತಗೊಂಡಿದೆ, ಅಲ್ಲಿ ಊರಿನ ನಾಯಿಗಳಿಗೇ ಲಸಿಕೆ ಹಾಕ್ತಾರೆ. ಇನ್ನೊಂದು ತೊಂದರೆ ಬೆರಕೆ: ಪುಣೆ ಹತ್ತಿರ ನಾಯಿ-ತೋಳ ಬೆರಕೆ ಆಗಿರೋದು ಜೀನೋಮ್ ಪರೀಕ್ಷೆಯಲ್ಲೇ ಖಚಿತವಾಗಿದೆ.

ನಮ್ಮ ಕೈಲಿ ಆಗೋದು ಏನು? ಮೊದಲು ಕೋಳಿ. ಫಾರಂನಲ್ಲಿ ಸತ್ತ ಕೋಳಿ, ಅಂಗಡಿ ತ್ಯಾಜ್ಯ ತಂದು ಕಾವಲಿಗೆ ಸುರಿಯೋದು ನಿಲ್ಲಬೇಕು. ನಾಯಿ ಹಿಂಡು ಬೆಳೆಯೋದೇ ಅದರಿಂದ. ಆಳವಾಗಿ ಗುಂಡಿ ತೋಡಿ, ಸುಣ್ಣ ಹಾಕಿ ಮುಚ್ಚಿ.

ಆಮೇಲೆ ಲಸಿಕೆ. ತೋಟದ ನಾಯಿಗೆ ರೇಬೀಸ್ ಒಂದೇ ಸಾಲದು, ಡಿಸ್ಟೆಂಪರ್-ಪಾರ್ವೋ ಸೇರಿರೋ ಲಸಿಕೆಯೂ ಬೇಕು. ಮರಿಗೆ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರ್ನಾಲ್ಕು ವಾರಕ್ಕೊಮ್ಮೆ ನಾಲ್ಕು ತಿಂಗಳವರೆಗೆ. ರೇಬೀಸ್ ಮೂರು ತಿಂಗಳಿಗೆ. ಆಮೇಲೆ ಯಾವಾಗ ಅಂತ ಪಶುವೈದ್ಯರು ಹೇಳ್ತಾರೆ. ಮರೆಯದ ಹಾಗೆ ಫೋನಿನಲ್ಲಿ ರಿಮೈಂಡರ್ ಇಡಿ.

ಬೀದಿ ನಾಯಿಗಳ ಸಂತಾನಹರಣ ಸ್ಥಳೀಯ ಸಂಸ್ಥೆಯ ಜವಾಬ್ದಾರಿ ಅಂತ 2023ರ ಕೇಂದ್ರದ ನಿಯಮವೇ ಹೇಳುತ್ತೆ. ಗ್ರಾಮಸಭೆಯಲ್ಲಿ ಕೇಳಿ, ಬರವಣಿಗೆಯಲ್ಲೇ ಕೊಡಿ. ಸಿಟ್ಟಿಗೆ ಸತ್ತ ಕುರಿಗೆ ವಿಷ ಹಾಕಬೇಡಿ. ನಾಯಿಗೆ ಇಟ್ಟಿದ್ದನ್ನು ತೋಳ ತಿನ್ನುತ್ತೆ, ಕುರಿಯಣ್ಣನ ನಾಯಿನೂ ತಿನ್ನುತ್ತೆ. ತೋಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರೋ ಪ್ರಾಣಿ, ಕೊಂದ್ರೆ ಜೈಲು.

ಊರೂರು ಸುತ್ತೋ ಮಂದೆಯ ನಾಯಿಗಳಿಗೆ ಲಸಿಕೆ ಹಾಕ್ಸೋರು ಯಾರು? ನಮ್ಮ ಹೊಲಕ್ಕೆ ಬರೋ ಮಂದೆಯಲ್ಲಿ ನಾಲ್ಕು ನಾಯಿ ಇವೆ. ಮುಂದಿನ ಸಲ ಒಂದಿನ ಮುಂಚೆ ಬನ್ನಿ, ಆಸ್ಪತ್ರೆಗೆ ಕರ್ಕೊಂಡು ಹೋಗೋಣ, ಖರ್ಚು ನಂದು ಅಂತ ಅಣ್ಣನಿಗೆ ಹೇಳಿದ್ದೀನಿ. ಗೊಬ್ಬರದ ಲೆಕ್ಕಕ್ಕೇ ಸೇರಿಸ್ಕೊಂಡಿದ್ದೀನಿ.