ಕೊನೆಯ ಸಾಲಿನ ಸಿಂಹಾಸನ

ಬೇಸಿಗೆ ರಜೆಯ ಒಂದು ಮುಂಜಾನೆ. ಅಜ್ಜ, ಅಜ್ಜಿ, ಅಪ್ಪ, ಅಮ್ಮ, ಇಬ್ಬರು ಮಕ್ಕಳು, ಜತೆಗೆ ರಜೆಗೆಂದು ಊರಿನಿಂದ ಬಂದ ಸೋದರತ್ತೆ. ಒಟ್ಟು ಏಳು ಜನ. ಮೂರು ಸೂಟ್‌ಕೇಸು, ಚಿತ್ರಾನ್ನ ಮೊಸರನ್ನದ ಬುತ್ತಿ, ಒಂದು ನೀರಿನ ಕ್ಯಾನು. ಬೆಂಗಳೂರಿನಿಂದ ಹೊರಟ ವಾಹನ ಹಾಸನ ದಾಟಿ, ಸಕಲೇಶಪುರದಲ್ಲಿ ಕಾಫಿಗೆ ನಿಂತು, ಶಿರಾಡಿ ಘಾಟಿಯ ತಿರುವುಗಳನ್ನು ಇಳಿದು ಧರ್ಮಸ್ಥಳ ಮುಟ್ಟುವಷ್ಟರಲ್ಲಿ ಸುಮಾರು 300 ಕಿಲೋಮೀಟರ್ ಹಿಂದೆ ಸರಿದಿರುತ್ತದೆ. ಐದು ಮೀಟರಿಗೂ ಕಡಿಮೆ ಉದ್ದದ ಲೋಹದ ಕವಚದೊಳಗೆ ಮೂರು ತಲೆಮಾರುಗಳನ್ನು ಕೂರಿಸಿ, ಬಿಸಿಲು, ಮಳೆ, ಗುಂಡಿಗಳನ್ನು ದಾಟಿಸಿ, ಆಯಾಸವಿಲ್ಲದಂತೆ ದೇವಾಲಯದ ಬಾಗಿಲಿಗೆ ತಲುಪಿಸುವ ಈ ಯಂತ್ರ ನಮ್ಮ ಕಾಲದ ವಿಸ್ಮಯಗಳಲ್ಲೊಂದು.

ಈ ವಿಸ್ಮಯದ ನಿಜವಾದ ಪರೀಕ್ಷೆ ನಡೆಯುವುದು ಚಾಲಕನ ಆಸನದಲ್ಲಿ ಅಲ್ಲ, ಕೊನೆಯ ಸಾಲಿನಲ್ಲಿ. ಅಲ್ಲಿ ಮಂಡಿ ಮಡಚಿ ಕುಳಿತವರಿಗೆ ಗಾಳಿ ಬರುತ್ತದೆಯೇ, ಕಿಟಕಿಯಾಚೆಗಿನ ಕಾಡು ಕಾಣುತ್ತದೆಯೇ, ಅವರ ಬೆನ್ನ ಹಿಂದೆ ಸಾಮಾನಿಗೆ ಜಾಗ ಉಳಿದಿದೆಯೇ ಎಂಬ ಪ್ರಶ್ನೆಗಳೇ ಕುಟುಂಬ ವಾಹನದ ಶತಮಾನದ ಚರಿತ್ರೆಯನ್ನು ರೂಪಿಸಿವೆ. ವ್ಯಾಗನ್, ಎಂಪಿವಿ, ಎಸ್‌ಯುವಿ, ಕ್ರಾಸೋವರ್ ಎಂಬ ಹೆಸರುಗಳ ಜಾತ್ರೆಯಲ್ಲಿ ತಮ್ಮ ಸಂಸಾರಕ್ಕೆ ಒಪ್ಪುವ ವಾಹನವನ್ನು ಹುಡುಕುವವರಿಗೆ ಆ ಚರಿತ್ರೆಯೇ ದಾರಿದೀಪ.

ರೈಲು ನಿಲ್ದಾಣದಿಂದ ಹೊರಟ ಬಂಡಿ

‘ಸ್ಟೇಷನ್ ವ್ಯಾಗನ್’ ಎಂಬ ಹೆಸರಿನೊಳಗೇ ಅದರ ಹುಟ್ಟಿನ ಕಥೆ ಅಡಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ರೈಲು ನಿಲ್ದಾಣಗಳಿಂದ ಪ್ರಯಾಣಿಕರನ್ನೂ ಅವರ ಪೆಟ್ಟಿಗೆಗಳನ್ನೂ ಹೋಟೆಲುಗಳಿಗೆ ಒಯ್ಯಲು, ಫೋರ್ಡ್ ಮಾಡೆಲ್ ಟಿಯಂತಹ ಕಾರುಗಳ ಚೌಕಟ್ಟಿನ ಮೇಲೆ ಮರದ ದೇಹ ಕಟ್ಟಿದ ಬಂಡಿಗಳು ಓಡಾಡತೊಡಗಿದವು. 1929ರಲ್ಲಿ ಫೋರ್ಡ್ ಸಂಸ್ಥೆಯೇ ಮಾಡೆಲ್ ಎ ಆಧಾರಿತ ವ್ಯಾಗನ್ ಅನ್ನು ಮಾರುಕಟ್ಟೆಗೆ ತಂದಿತು. ಬಡಗಿಯ ಕೌಶಲವನ್ನೇ ನೆಚ್ಚಿದ್ದ ಈ ವಾಹನಗಳ ಮರಕ್ಕೆ ಕಾಲಕಾಲಕ್ಕೆ ವಾರ್ನಿಷ್ ಬಳಿಯಬೇಕಿತ್ತು. 1946ರಲ್ಲಿ ಬಂದ ವಿಲ್ಲಿಸ್ ಜೀಪ್ ಸ್ಟೇಷನ್ ವ್ಯಾಗನ್ ಮರವನ್ನು ತೊರೆದು ಸಂಪೂರ್ಣ ಉಕ್ಕಿನ ದೇಹ ಧರಿಸಿತು. ವ್ಯಾಗನ್ ಅಲ್ಲಿಂದ ಮುಂದೆ ನಿಲ್ದಾಣವನ್ನು ಬಿಟ್ಟು ಮನೆಯಂಗಳಕ್ಕೆ ಬಂದಿತು.

1950ರ ದಶಕದ ಕೊನೆಗೆ ಅಮೆರಿಕದ ವ್ಯಾಗನ್‌ಗಳಲ್ಲಿ ಮೂರನೆಯ ಸಾಲು ಹಿಂದಕ್ಕೆ ಮುಖ ಮಾಡಿ ಕುಳಿತಿತು. ಬಿಟ್ಟುಬಂದ ದಾರಿಯನ್ನು ನೋಡುತ್ತ ಸಾಗುವುದು ಮಕ್ಕಳ ಪಾಲಿಗೆ ಹಬ್ಬವಾಯಿತು. 1984 ಇನ್ನೊಂದು ಮೈಲಿಗಲ್ಲು. ಅಮೆರಿಕದಲ್ಲಿ ಕ್ರೈಸ್ಲರ್ ಸಂಸ್ಥೆಯ ಮಿನಿವ್ಯಾನ್‌ಗಳು, ಫ್ರಾನ್ಸ್‌ನಲ್ಲಿ ರೆನೋ ಎಸ್ಪಾಸ್ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ರಸ್ತೆಗಿಳಿದವು. ಮುಂದಿನ ಚಕ್ರಗಳಿಂದಲೇ ಎಳೆಯುವ ವ್ಯವಸ್ಥೆಯಿಂದಾಗಿ ಹಿಂಬದಿಗೆ ಶಕ್ತಿ ಸಾಗಿಸುವ ಉದ್ದನೆಯ ದಂಡ ಬೇಡವಾಯಿತು, ನೆಲ ತಗ್ಗಿ ಸಮತಟ್ಟಾಯಿತು. ಕೊನೆಯ ಸಾಲಿನವರಿಗೆ ಕಾಲಿಡಲು ನಿಜವಾದ ಜಾಗ ಸಿಕ್ಕಿತು.

ಹತ್ತು ವರ್ಷಗಳ ತರುವಾಯ, 1994ರಲ್ಲಿ, ಟೊಯೋಟಾ ರಾವ್4 ಮೂಲಕ ಕ್ರಾಸೋವರ್ ಯುಗ ಆರಂಭವಾಯಿತು. ಹಳೆಯ ಜೀಪುಗಳಲ್ಲಿ ಏಣಿಯಂತಹ ಉಕ್ಕಿನ ಚೌಕಟ್ಟು ಕೆಳಗೆ, ದೇಹ ಅದರ ಮೇಲೆ. ಎತ್ತಿನ ಗಾಡಿಯ ಮೂಕಿಮರದ ಮೇಲೆ ಹಲಗೆ ಹಾಸಿದ ಹಾಗೆ. ಇದೇ ಲ್ಯಾಡರ್ ಫ್ರೇಮ್. ಕಾರಿನಲ್ಲಾದರೋ ಚೌಕಟ್ಟು, ದೇಹ ಎರಡೂ ಒಂದೇ ಚಿಪ್ಪು, ಅದು ಮೊನೊಕಾಕ್. ಕಾರಿನ ಚಿಪ್ಪನ್ನು ಉಳಿಸಿಕೊಂಡು ಜೀಪಿನ ಎತ್ತರವನ್ನು ಎರವಲು ಪಡೆದದ್ದೇ ಕ್ರಾಸೋವರ್‌ನ ಸಾರಸರ್ವಸ್ವ.

ಬಿಡದಿಯ ಕೊಡುಗೆ

ಭಾರತ ತನ್ನದೇ ದಾರಿಯಲ್ಲಿ ನಡೆಯಿತು. 1984ರ ಮಾರುತಿ ವ್ಯಾನ್, ಮುಂದೆ ಓಮ್ನಿಯೆಂದು ಮನೆಮಾತಾಗಿ, 2019ರವರೆಗೆ ಶಾಲೆಯ ಮಕ್ಕಳಿಂದ ಹಿಡಿದು ಮದುವೆಯ ದಿಬ್ಬಣದವರೆಗೆ ಎಲ್ಲವನ್ನೂ ಹೊತ್ತಿತು. 1994ರಲ್ಲಿ ಬಂದ ಟಾಟಾ ಸುಮೊ, ಸಂಸ್ಥೆಯನ್ನು ಕಟ್ಟಿ ಬೆಳೆಸಿದ ಸುಮಂತ್ ಮೂಳಗಾಂವ್‌ಕರ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತು ಘಟ್ಟದ ಊರೂರಿಗೂ ತಲುಪಿತು. ಶುದ್ಧ ವ್ಯಾಗನ್ ಮಾತ್ರ ಇಲ್ಲಿ ಬೇರೂರಲಿಲ್ಲ. 1992ರ ಟಾಟಾ ಎಸ್ಟೇಟ್, ಅನಂತರದ ಮಾರುತಿ ಬಲೆನೊ ಆಲ್ಟುರಾ, ಟಾಟಾ ಇಂಡಿಗೊ ಮರೀನಾ ಒಂದೊಂದಾಗಿ ಬಂದು ಮರೆಯಾದವು. ಡಿಕ್ಕಿ ಬೇರೆಯಾಗಿ ಎದ್ದು ಕಾಣುವ ಸೆಡಾನ್ ಅನ್ನೇ ಪ್ರತಿಷ್ಠೆಯ ಕುರುಹೆಂದು ಭಾವಿಸಿದ ಖರೀದಿದಾರರಿಗೆ, ಅದೇ ಕಾರಿನ ನೀಳ ಚಾವಣಿಯ ರೂಪ ರುಚಿಸಲಿಲ್ಲ. ವ್ಯಾಗನ್ ಎಂಬ ಹೆಸರು ನಿಂತದ್ದು 1999ರ ಕೊನೆಯಲ್ಲಿ ಬಂದ ಎತ್ತರದ ಪುಟ್ಟ ಕಾರು ವ್ಯಾಗನ್ ಆರ್‌ನಲ್ಲಿ.

ಆಗಲೇ ಕರ್ನಾಟಕದ ನೆಲದಲ್ಲಿ ಒಂದು ಮಹತ್ತರ ಅಧ್ಯಾಯ ತೆರೆದುಕೊಂಡಿತು. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಮೋಟಾರ್, ಬೆಂಗಳೂರು ಮೈಸೂರು ಹೆದ್ದಾರಿಯ ಬಿಡದಿಯಲ್ಲಿ ಕಾರ್ಖಾನೆ ಕಟ್ಟಿ, 2000ದ ಜನವರಿಯಲ್ಲಿ ಕ್ವಾಲಿಸ್ ಅನ್ನು ಬಿಡುಗಡೆ ಮಾಡಿತು. ಇದರ ಮೂಲ ಇಂಡೊನೇಷ್ಯಾದ ಟೊಯೋಟಾ ಕಿಜಾಂಗ್. 1977ರಿಂದ ಅಲ್ಲಿನ ಕುಟುಂಬಗಳ ಒಡನಾಡಿಯಾದ ಆ ವಾಹನದ ಹೆಸರಿಗೆ ಅವರ ಭಾಷೆಯಲ್ಲಿ ಜಿಂಕೆಯೆಂದು ಅರ್ಥ. ಕ್ವಾಲಿಸ್ ಜಿಂಕೆಯ ಚೆಲುವನ್ನು ತರಲಿಲ್ಲವಾದರೂ ಬಂಡೆಯ ಬಾಳಿಕೆಯನ್ನು ತಂದಿತು. ಆದರೆ ಅದರ ಹಲವು ಮಾದರಿಗಳಲ್ಲಿ ಕೊನೆಯ ಸಾಲಿನವರು ಇನ್ನೂ ಪರಸ್ಪರ ಮುಖಾಮುಖಿಯಾಗಿ, ಅಡ್ಡಬೆಂಚುಗಳಲ್ಲಿ ಕೂರಬೇಕಿತ್ತು.

2005ರಲ್ಲಿ ಬಂದ ಇನ್ನೋವಾ ಆ ಅಡ್ಡಬೆಂಚನ್ನು ವಿಸರ್ಜಿಸಿತು. ಮೂರನೆಯ ಸಾಲೂ ಮುಂದಕ್ಕೆ ಮುಖ ಮಾಡಿತು, ಚಾವಣಿಯಿಂದ ತಂಪುಗಾಳಿ ಹಿಂದಿನವರ ಮೇಲೂ ಬೀಸಿತು. 2016ರಲ್ಲಿ ಕ್ರಿಸ್ಟಾ, 2022ರ ಅಂತ್ಯದಲ್ಲಿ ಹೈಕ್ರಾಸ್ ಆ ಪರಂಪರೆಯನ್ನು ಮುಂದುವರಿಸಿದವು. ಹೈಕ್ರಾಸ್‌ನ ಮಹತ್ವ ವಿಶೇಷವಾದುದು: ಲ್ಯಾಡರ್ ಫ್ರೇಮ್ ಹೋಗಿ ಮೊನೊಕಾಕ್ ಬಂತು, ಹಿಂಚಕ್ರದ ಬದಲು ಮುಂಚಕ್ರದ ಎಳೆತ ಬಂತು, 2.0 ಲೀಟರ್ ಪೆಟ್ರೋಲ್ ಎಂಜಿನ್ನಿಗೆ ವಿದ್ಯುತ್ ಮೋಟರಿನ ಜೋಡಿ ದೊರೆಯಿತು. ಚಕ್ರಗಳ ನಡುವಣ ಅಂತರ 2750ರಿಂದ 2850 ಮಿಲಿಮೀಟರಿಗೆ ಏರಿತು. ಆ ನೂರು ಮಿಲಿಮೀಟರಿನ ಫಲಾನುಭವಿಗಳು ಹಿಂದೆ ಕುಳಿತವರು.

ನಾಲ್ಕು ಮೀಟರಿನ ಗೆರೆ

ಇಂದಿನ ಮಾರುಕಟ್ಟೆಯನ್ನು ಅರಿಯಲು ಒಂದು ಅಳತೆಯನ್ನು ನೆನಪಿಡಬೇಕು: ನಾಲ್ಕು ಮೀಟರ್. 2006ರ ಕೇಂದ್ರ ಬಜೆಟ್ ಇದಕ್ಕಿಂತ ಗಿಡ್ಡದಾದ, ಚಿಕ್ಕ ಎಂಜಿನ್ನಿನ ಕಾರುಗಳಿಗೆ ತೆರಿಗೆ ಇಳಿಸಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಜಿಎಸ್‌ಟಿ ದರಗಳಲ್ಲಿಯೂ ಅದೇ ಗೆರೆ ಉಳಿದಿದೆ. ನಾಲ್ಕು ಮೀಟರಿನೊಳಗೆ, 1200 ಸಿಸಿ ಪೆಟ್ರೋಲ್ ಅಥವಾ 1500 ಸಿಸಿ ಡೀಸೆಲ್ ಮಿತಿಯಲ್ಲಿದ್ದರೆ ತೆರಿಗೆ ಶೇ 18. ಮೀರಿದರೆ ಶೇ 40. ಹಲವು ವಾಹನಗಳ ವಿನ್ಯಾಸ ಈ ಗೆರೆಯ ಅಂಚಿನಲ್ಲೇ ನಿಂತಿದೆ. 3990 ಮಿಲಿಮೀಟರಿನೊಳಗೆ ಏಳು ಆಸನ ಕೂರಿಸಿದ 2019ರ ರೆನೋ ಟ್ರೈಬರ್ ಅಂತೂ ಸ್ಥಳಮಿತವ್ಯಯದ ಅದ್ಭುತ. ಅದರ ಮೂರನೆಯ ಸಾಲನ್ನು ಪೂರ್ತಿ ಕಳಚಿ ಮನೆಯಲ್ಲೇ ಇಟ್ಟು ಹೋಗಬಹುದು. ಏಳು ಜನ ಕುಳಿತಾಗ 84 ಲೀಟರ್ ಇರುವ ಡಿಕ್ಕಿ, ಸಾಲು ಕಳಚಿದಾಗ 625 ಲೀಟರಿಗೆ ಹಿಗ್ಗುತ್ತದೆ.

ಈ 84 ಮತ್ತು 625 ಎಂಬ ಎರಡು ಸಂಖ್ಯೆಗಳಲ್ಲಿ ಆಯ್ಕೆಯ ಮರ್ಮವೆಲ್ಲ ಇದೆ. ಮೂರು ಸಾಲಿನ ಯಾವುದೇ ವಾಹನದಲ್ಲಿ ಜನ ಮತ್ತು ಸಾಮಾನು ಒಂದೇ ಜಾಗಕ್ಕೆ ಪೈಪೋಟಿ ನಡೆಸುತ್ತವೆ. ಮಾರುತಿ ಎರ್ಟಿಗಾದಲ್ಲಿ ಏಳೂ ಆಸನ ತುಂಬಿದಾಗ ಉಳಿಯುವುದು 209 ಲೀಟರ್; ಐದೇ ಆಸನದ ಹ್ಯುಂಡೈ ಕ್ರೆಟಾದಲ್ಲಿ 433 ಲೀಟರ್. ನಾಲ್ಕು ಜನರ ಮನೆ, ವರ್ಷಕ್ಕೆರಡು ದೂರ ಪ್ರವಾಸ, ಮಲೆನಾಡಿನ ತೋಟದ ಮಣ್ಣುದಾರಿ ಎಂದಿದ್ದರೆ ಎತ್ತರದ ಕ್ರಾಸೋವರ್ ಸಹಜ ಆಯ್ಕೆ. ಅಜ್ಜ ಅಜ್ಜಿಯರು ಜತೆಗೇ ಇರುವ ಮನೆಗೆ ತಗ್ಗಿದ ನೆಲದ, ಅಗಲ ಬಾಗಿಲಿನ ಎಂಪಿವಿ, ಅಂದರೆ ಮಿನಿವ್ಯಾನ್ ಬಗೆಯ ವಾಹನ, ವರದಾನ. ಮಂಡಿನೋವಿನವರು ಹತ್ತಿ ಇಳಿಯುವ ಪ್ರತಿ ಸಲವೂ ಆ ತಗ್ಗು ನೆಲದ ಬೆಲೆ ತಿಳಿಯುತ್ತದೆ. ಜೀಪಿನಂತೆ ಎತ್ತರದ ಎಸ್‌ಯುವಿಯಲ್ಲಿಯೂ ಏಳು ಆಸನ ಸಿಗುತ್ತದೆ ನಿಜ. ಆದರೆ ನೆಲ ಎತ್ತರವಾಗಿ, ಆಸನ ತಗ್ಗಾದಾಗ ಮಂಡಿ ಎದೆಮಟ್ಟಕ್ಕೆ ಏರುತ್ತದೆ. ಘಾಟಿಯ ತಿರುವಿನಲ್ಲಿ ಎತ್ತರದ ದೇಹ ಹೆಚ್ಚು ವಾಲುತ್ತದೆ, ಆ ವಾಲಾಟವನ್ನು ಮೊದಲು ಅನುಭವಿಸುವವರು ಹಿಂದಿನ ಚಕ್ರದ ಮೇಲೆಯೇ ಕುಳಿತವರು.

ಸುರಕ್ಷತೆಯ ವಿಷಯದಲ್ಲಿಯೂ ಕಾಲ ಬದಲಾಗಿದೆ. 1959ರಲ್ಲಿ ವೋಲ್ವೊ ಸಂಸ್ಥೆಯ ಎಂಜಿನಿಯರ್ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುಗಳ ಸೀಟ್ ಬೆಲ್ಟ್ ಇಂದು ಕೊನೆಯ ಸಾಲಿಗೂ ಬಂದಿದೆ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ನಮ್ಮ ದೇಶದ ಕಾರುಗಳನ್ನು ಅಪಘಾತ ಪರೀಕ್ಷೆಗೆ ಒಡ್ಡಿ, ದೊಡ್ಡವರ ಮತ್ತು ಮಕ್ಕಳ ರಕ್ಷಣೆಗೆ ಪ್ರತ್ಯೇಕವಾಗಿ ನಕ್ಷತ್ರ ನೀಡುತ್ತಿದೆ. ಖರೀದಿಗೆ ಮುನ್ನ ಮಕ್ಕಳ ನಕ್ಷತ್ರವನ್ನು ಓದುವುದು ಪ್ರತಿ ತಂದೆತಾಯಿಯ ಕರ್ತವ್ಯ. ಮುಂದಿನ ಅಧ್ಯಾಯ ವಿದ್ಯುತ್ತಿನದು. 2025ರಲ್ಲಿ ಬಂದ ಕಿಯಾ ಕ್ಯಾರೆನ್ಸ್ ಕ್ಲಾವಿಸ್ ಇವಿಯಂತಹ ಏಳು ಆಸನದ ವಾಹನಗಳಲ್ಲಿ ಬ್ಯಾಟರಿ ನೆಲದಡಿಗೆ ಸೇರಿಕೊಂಡಿದೆ. ಭಾರ ಕೆಳಗಿಳಿದಷ್ಟೂ ವಾಹನದ ನಿಲುವು ಸ್ಥಿರ.

ಆದ್ದರಿಂದ ಷೋರೂಮಿಗೆ ಹೋಗುವ ದಿನ ಇಡೀ ಸಂಸಾರವೇ ಹೊರಡಲಿ. ಮನೆಯ ಸೂಟ್‌ಕೇಸೂ ಜತೆಗಿರಲಿ. ಸ್ಟಿಯರಿಂಗ್ ಹಿಡಿಯುವ ಆತುರವನ್ನು ಅರ್ಧ ಗಂಟೆ ಮುಂದೂಡಿ, ಮನೆಯ ಹಿರಿಯರನ್ನು ಮೂರನೆಯ ಸಾಲಿಗೆ ಹತ್ತಿಸಿ, ಪರೀಕ್ಷಾ ಸವಾರಿಯ ಉದ್ದಕ್ಕೂ ಅಲ್ಲೇ ಕೂರಿಸಬೇಕು. ಮರದ ಬಂಡಿಯಿಂದ ಹೈಬ್ರಿಡ್‌ವರೆಗೆ ನೂರು ವರ್ಷ ಎಂಜಿನಿಯರುಗಳು ಶ್ರಮಿಸಿದ್ದು ಆ ಆಸನಕ್ಕಾಗಿ. ಇಳಿಯುವಾಗ ಅಜ್ಜಿ ‘ಇದರಲ್ಲಿ ಧರ್ಮಸ್ಥಳಕ್ಕೆ ಹೋಗಿಬರಬಹುದು’ ಎಂದರೆ, ಆಯ್ಕೆ ಮುಗಿದಂತೆ.