ಕೆಮ್ಮಿನ ಸೀಸೆಯ ಹಿಂದೆ ಮುಚ್ಚಿಹೋದ ಕಾಯಿಲೆ

‘ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ’. ಸರ್ಕಾರಿ ಆಸ್ಪತ್ರೆಗಳ ಗೋಡೆ ಮೇಲಿನ ಈ ಮಾತನ್ನು ನಾವೆಲ್ಲ ಓದಿಯೂ ಓದದಂತೆ ದಾಟಿಹೋಗುತ್ತೇವೆ. ಅದರ ಹಿಂದೆ ತುಮಕೂರು ಜಿಲ್ಲೆಯ ಹಳ್ಳಿಗರ ಸಾಕ್ಷ್ಯವಿದೆ ಎಂಬುದನ್ನು ಮಾತ್ರ ಬೆಂಗಳೂರು ಮರೆತೇಬಿಟ್ಟಿದೆ.

ಕ್ಷಯವೆಂದರೆ ಪಟ್ಟಣದ ಕಾಯಿಲೆ ಎಂಬ ನಂಬಿಕೆ 1955–58ರ ರಾಷ್ಟ್ರೀಯ ಸಮೀಕ್ಷೆಯಿಂದ ಬಿದ್ದುಹೋಗಿತ್ತು. ಹಳ್ಳಿಗಳಲ್ಲೂ ಅದು ಅಷ್ಟೇ ಹರಡಿತ್ತು. ಅಷ್ಟೊಂದು ರೋಗಿಗಳನ್ನು ಪತ್ತೆ ಮಾಡುವುದು ಹೇಗೆ? 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಶುರುವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಮುಂದಿದ್ದದ್ದು ಇದೇ ಪ್ರಶ್ನೆ. ಹಳ್ಳಿಯವರಿಗೆ ತಿಳಿವಳಿಕೆಯಿಲ್ಲ, ಅವರಾಗಿ ಆಸ್ಪತ್ರೆಗೆ ಬರುವುದಿಲ್ಲ, ಎಕ್ಸ್‌ರೇ ವ್ಯಾನು ಒಯ್ದು ಊರಿಗೂರನ್ನೇ ಸಾಲಾಗಿ ನಿಲ್ಲಿಸಬೇಕು ಎಂಬುದು ಆಗ ಬಲವಾಗಿದ್ದ ವಾದ.

ಸಂಸ್ಥೆಯಲ್ಲಿದ್ದ ದೇಬಬರ್ ಬ್ಯಾನರ್ಜಿ ವೈದ್ಯರು, ಜೊತೆಗೆ ಮಾನವಶಾಸ್ತ್ರ ಓದಿಕೊಂಡವರು. ಈ ವಾದ ನಿಜವೇ ಎಂದು ಅವರು ರೋಗಿಗಳನ್ನೇ ಕೇಳಹೊರಟರು. ಜೊತೆಗಿದ್ದವರು ವಿಶ್ವ ಆರೋಗ್ಯ ಸಂಸ್ಥೆಯ ಸ್ಟಿಗ್ ಆಂಡರ್ಸನ್. ತುಮಕೂರು ಜಿಲ್ಲೆಯಲ್ಲಿ ಆಗಷ್ಟೇ ಎಕ್ಸ್‌ರೇ ಮತ್ತು ಕಫದ ಸಮೀಕ್ಷೆ ನಡೆದಿತ್ತು. ಅಲ್ಲಿ ಕಾಯಿಲೆ ಪತ್ತೆಯಾದವರ ಮನೆಗೆ ಹೋಗಿ ಕೇಳಿದರು: ಕೆಮ್ಮಿದೆಯೇ? ಜ್ವರ ಬರುತ್ತದೆಯೇ? ಅದರ ಬಗ್ಗೆ ಏನು ಮಾಡಿದಿರಿ?

ಬಂದ ಉತ್ತರ ತಜ್ಞರ ಲೆಕ್ಕವನ್ನೇ ಬುಡಮೇಲು ಮಾಡಿತು. ಬಹುಪಾಲು ರೋಗಿಗಳಿಗೆ ತಮ್ಮ ಮೈಯಲ್ಲಿ ಏನೋ ಸರಿಯಿಲ್ಲವೆಂದು ಗೊತ್ತಿತ್ತು, ಚಿಂತೆಯೂ ಇತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು, ಹೆಚ್ಚಿನವರು ಸರ್ಕಾರಿ ಆಸ್ಪತ್ರೆಗೇ. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಮಿಕ್ಸ್‌ಚರ್. ಕಫ ನೋಡಿದವರಿಲ್ಲ. ರೋಗಿ ತಪ್ಪು ಮಾಡಿರಲಿಲ್ಲ. ನಡೆದು ಬಂದವನನ್ನು ವಾಪಸ್ ಕಳಿಸಿದ್ದು ಆಸ್ಪತ್ರೆ. 1963ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಇದು ಪ್ರಕಟವಾಯಿತು. ಕನ್ನಡ ನಾಡಿನ ಹಳ್ಳಿಗರ ವಿವೇಕಕ್ಕೆ ಸಿಕ್ಕ ಇಷ್ಟು ದೊಡ್ಡ ಪ್ರಮಾಣಪತ್ರ ನಮ್ಮ ಯಾವ ಪಠ್ಯಪುಸ್ತಕದಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ. ಆ ಬೇಸರ ನನಗಿದೆ.

ಈ ಪ್ರಕಟಣೆಗೂ ಮೊದಲೇ, 1962ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ನಿಂತದ್ದು ಇದೇ ತಿಳಿವಳಿಕೆಯ ಮೇಲೆ: ಕೆಮ್ಮುತ್ತ ಬಂದವರ ಕಫವನ್ನು ಹತ್ತಿರದ ಆರೋಗ್ಯ ಕೇಂದ್ರದಲ್ಲೇ ನೋಡಿ. ಅದಕ್ಕೆ ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ತಾಳ್ಮೆಯ ತಂತ್ರಜ್ಞ. ಗಾಜಿನ ಸ್ಲೈಡಿಗೆ ಕಫ ಸವರಿ, ಒಣಗಿಸಿ, ಕೆಂಪು ಬಣ್ಣ ಸುರಿದು, ಕುದಿಸದೆ ಹಬೆ ಏಳುವಷ್ಟು ಮಾತ್ರ ಕಾಯಿಸುತ್ತಾರೆ. ಆಮೇಲೆ ಆಮ್ಲದಿಂದ ತೊಳೆದಾಗ ಉಳಿದೆಲ್ಲದರ ಬಣ್ಣ ಬಿಡುತ್ತದೆ, ಮೇಣದ ಕವಚವಿರುವ ಕ್ಷಯದ ಸೂಕ್ಷ್ಮಾಣು ಮಾತ್ರ ಕೆಂಪು ಬಿಡುವುದಿಲ್ಲ. ಕೊನೆಗೆ ಹಾಕುವ ನೀಲಿ ಬಣ್ಣದ ಹಿನ್ನೆಲೆಯಲ್ಲಿ ಸಣ್ಣ ಕೆಂಪು ಕಡ್ಡಿಗಳು ಕಂಡರೆ ಉತ್ತರ ಸಿಕ್ಕಿತು. ಒಂದು ಮಿಲಿಲೀಟರ್ ಕಫದಲ್ಲಿ ಸುಮಾರು 10,000 ಸೂಕ್ಷ್ಮಾಣುಗಳಾದರೂ ಇದ್ದರೇ ಅವು ಕಣ್ಣಿಗೆ ಬೀಳುವುದು. ಈಗಿನ ಸಿಬಿನ್ಯಾಟ್ ಯಂತ್ರ ಅದಕ್ಕಿಂತ ಎಷ್ಟೋ ಕಡಿಮೆಯಿದ್ದರೂ ಎರಡು ಗಂಟೆಯಲ್ಲಿ ಹಿಡಿಯುತ್ತದೆ.

ಪರೀಕ್ಷೆಗಷ್ಟೇ ಅಲ್ಲ, ಚಿಕಿತ್ಸೆಗೂ ಜಾಗವಿದೆ: ದಕ್ಷಿಣ ಬೆಂಗಳೂರಿನಲ್ಲಿ ನಿಮ್ಹಾನ್ಸ್ ಪಕ್ಕದ ಟಿ.ಬಿ. ಆಸ್ಪತ್ರೆ ಈಗ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ. ಇಷ್ಟೆಲ್ಲ ಇದ್ದೂ ಸೀಸೆ ಹೋಗಿಲ್ಲ. ಜಯನಗರ, ಬನಶಂಕರಿ, ಬಿಟಿಎಂ ಲೇಔಟ್, ಯಾವ ಮೆಡಿಕಲ್ ಶಾಪಿನ ಮುಂದೆ ಸಂಜೆ ನಿಂತರೂ ‘ಅಣ್ಣಾ, ಕೆಮ್ಮಿಗೆ ಒಂದು ಸಿರಪ್ ಕೊಡಿ’ ಎಂಬ ಮಾತು ಕಿವಿಗೆ ಬೀಳುತ್ತದೆ. ಎಷ್ಟು ದಿನದ ಕೆಮ್ಮು ಎಂದು ಯಾರೂ ಕೇಳುವುದಿಲ್ಲ.

ಸೀಸೆ ಮುಚ್ಚಿಡುವುದು ಕ್ಷಯವೊಂದನ್ನೇ ಅಲ್ಲ. ಡಾ. ಎಚ್. ಪರಮೇಶ್ ಬೆಂಗಳೂರಿನ ಮಕ್ಕಳಲ್ಲಿ ನಡೆಸಿದ ಅಧ್ಯಯನದಂತೆ ಅಸ್ತಮಾ 1979ರಲ್ಲಿ ಶೇ 9 ಇದ್ದದ್ದು 1999ಕ್ಕೆ ಶೇ 29.5ಕ್ಕೆ ಏರಿತ್ತು. ರಾತ್ರಿ, ನಸುಕಿನಲ್ಲಿ ಹೆಚ್ಚುವ ಕೆಮ್ಮು, ಉಸಿರು ಬಿಡುವಾಗ ಎದೆಯೊಳಗೆ ಸಿಳ್ಳೆ ಅದರ ಗುರುತು. ಸ್ವಲ್ಪ ದೊಡ್ಡ ಮಕ್ಕಳಾದರೆ ಉಸಿರು ಅಳೆಯುವ ಯಂತ್ರಕ್ಕೆ ಊದಿಸಿ, ಇನ್‌ಹೇಲರ್ ಕೊಟ್ಟು, ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದರೆ ವ್ಯತ್ಯಾಸ ಅಂಕಿಯಲ್ಲೇ ಕಾಣುತ್ತದೆ. ನ್ಯುಮೋನಿಯಾಗೆ ಯಂತ್ರವೂ ಬೇಡ, ಮಗುವಿನ ಅಂಗಿ ಎತ್ತಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಿದರೆ ಸುಳಿವು ಸಿಗುತ್ತದೆ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಐದು ವರ್ಷದೊಳಗಿನ ಮಗುವಿಗೆ 40 ಮುಟ್ಟಿದರೆ ಅದು ವೇಗದ ಉಸಿರು. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ ತಡ ಮಾಡುವಂತಿಲ್ಲ.

ಹಿಂದಿನ ವೈದ್ಯರು ಬೆನ್ನ ಮೇಲೆ ಎಡಗೈ ಬೆರಳಿಟ್ಟು ಬಲಗೈ ಬೆರಳಿಂದ ತಟ್ಟುತ್ತಿದ್ದರು. ಗಾಳಿ ತುಂಬಿದ ಕಡೆ ಟೊಳ್ಳು ಸದ್ದು, ನೀರು ಕಟ್ಟಿದ ಕಡೆ ಮಂದ ಸದ್ದು. ಐದು ನಿಮಿಷದ ಆ ಪರೀಕ್ಷೆಗೆ ಈಗ ಎಷ್ಟೋ ಕ್ಲಿನಿಕ್‌ಗಳಲ್ಲಿ ಪುರುಸೊತ್ತಿಲ್ಲ. ಅಂಗಿಯ ಮೇಲಿಂದಲೇ ಸ್ಟೆತಸ್ಕೋಪ್ ಮುಟ್ಟಿಸಿ ಚೀಟಿ ಬರೆಯುವುದನ್ನು ಕಂಡಾಗ ಸಿಟ್ಟು ಬರುತ್ತದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಕಫ ಪರೀಕ್ಷೆ ಉಚಿತ. ಕ್ಷಯವೆಂದು ಗೊತ್ತಾದರೆ ಔಷಧಿಯೂ ಉಚಿತ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಜಮೆಯಾಗುವ ಯೋಜನೆಯೂ ಇದೆ. ಮನೆಯಲ್ಲಿ ಯಾರದಾದರೂ ಕೆಮ್ಮು ಎರಡು ವಾರ ದಾಟಿದ್ದರೆ, ಇನ್ನೊಂದು ಸೀಸೆ ಕೊಳ್ಳುವ ಮೊದಲು ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ.