ಕಾಗೆ ಕೂತಿತು, ಕೊಂಬೆ ಮುರಿಯಿತು



ನಮ್ಮಲ್ಲಿ ಎರಡು ಗಾದೆಗಳಿವೆ. ಒಂದು, “ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು”. ಇನ್ನೊಂದು, “ದೀಪದ ಬುಡದಲ್ಲಿ ಕತ್ತಲೆ”. ಮೊದಲನೆಯದು ಕಾಕತಾಳೀಯ, ಎರಡನೆಯದು ವಿಪರ್ಯಾಸ. ಇವೆರಡನ್ನೂ ನಾವು ದಿನನಿತ್ಯ ಕಲಸಿಬಿಡುತ್ತೇವೆ. ಬರೀ ಪದಗಳ ಗೊಂದಲವಾದರೆ ಹೋಗಲಿ ಎನ್ನಬಹುದಿತ್ತು. ಆದರೆ ಈ ಗೊಂದಲದಿಂದ ಮನೆಗಳಲ್ಲಿ ಕಣ್ಣೀರು ಹರಿಯುವುದನ್ನು ನಾನು ಕಂಡಿದ್ದೇನೆ.

ಕಾಕ ಎಂದರೆ ಕಾಗೆ, ತಾಳ ಎಂದರೆ ತಾಳೆಮರ. ಕಾಗೆ ಬಂದು ಕೂತ ಗಳಿಗೆಯಲ್ಲೇ ಹಣ್ಣು ಬಿತ್ತು. ಕಾಗೆ ಬರದಿದ್ದರೂ ಹಣ್ಣು ಬೀಳುತ್ತಿತ್ತು. ಎರಡು ಘಟನೆಗಳು ಒಟ್ಟಿಗೆ ನಡೆದವು, ಒಂದರಿಂದ ಇನ್ನೊಂದು ನಡೆಯಲಿಲ್ಲ. ಇದೇ ಕಾಕತಾಳೀಯ.

ವಿಪರ್ಯಾಸಕ್ಕೆ ಮೊದಲು ಒಂದು ನಿರೀಕ್ಷೆ ಬೇಕು. ದೀಪ ಇರುವುದೇ ಬೆಳಕು ಕೊಡಲು. ಕತ್ತಲೆ ಅದರ ಬುಡದಲ್ಲೇ. ಆಗಬೇಕಾದದ್ದು ಒಂದು, ಆದದ್ದು ಅದಕ್ಕೆ ತದ್ವಿರುದ್ಧ. ಅದೇ ತಿರುವು ಮಾತಿನಲ್ಲಿ ಬಂದರೆ, ಅಂದರೆ ಮನಸ್ಸಿನಲ್ಲಿರುವುದಕ್ಕೆ ವಿರುದ್ಧವಾದುದನ್ನು ಬೇಕೆಂದೇ ಆಡಿದರೆ, ಅದನ್ನು ವ್ಯಂಗ್ಯ ಎನ್ನುತ್ತೇವೆ.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ರೈತರಿಗೆ 2022ರ ಹಂಗಾಮು ಮರೆಯುವಂಥದ್ದಲ್ಲ. ಕಲಬುರಗಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಹೂವು ಕಾಯಿ ಹಿಡಿದ ಗಿಡಗಳು ನಿಂತಲ್ಲೇ ಒಣಗಿದವು. ಅದೇ ವರ್ಷ ಮದುವೆಯಾಗಿ ಬಂದ ಒಬ್ಬ ಹೆಣ್ಣುಮಗಳಿಗೆ ಅತ್ತೆ ನನ್ನೆದುರಿಗೇ ಹೇಳಿದರು: “ನೋಡ್ರಿ ಫಾದರ್, ಎಂಥಾ ಭಾಗ್ಯಲಕ್ಷ್ಮಿ ಬಂದಾಳ! ಆಕಿ ಕಾಲಿಟ್ಟ ವರ್ಷಾನೇ ತೊಗರಿ ಒಣಗಿ ಹೋತು.” ಭಾಗ್ಯಲಕ್ಷ್ಮಿ ಎಂದದ್ದು ವ್ಯಂಗ್ಯ. ಅದರ ಹಿಂದಿದ್ದ ನಂಬಿಕೆ ಮಾತ್ರ ಕಾಕತಾಳೀಯವನ್ನು ಕಾರಣವೆಂದು ತಿಳಿದದ್ದು.

ನೆಟೆ ರೋಗಕ್ಕೆ ಕಾರಣ ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಅದು ಬೇರಿನ ಮೂಲಕ ಒಳಹೊಕ್ಕು ಗಿಡದೊಳಗೆ ನೀರು ಏರುವ ದಾರಿಯನ್ನು ಕಟ್ಟಿಬಿಡುತ್ತದೆ. ವರ್ಷಗಟ್ಟಲೆ ಮಣ್ಣಿನಲ್ಲೇ ಉಳಿಯುತ್ತದೆ. ಅದೇ ಹೊಲಕ್ಕೆ ಮತ್ತೆ ಮತ್ತೆ ತೊಗರಿಯನ್ನೇ ಬಿತ್ತಿದರೆ ಬಲಿಯುತ್ತದೆ. ಜೋಳದಂಥ ಬೆಳೆಗೆ ಬದಲಾಯಿಸಿದರೆ, ರೋಗ ತಡೆಯುವ ತಳಿ ಬಿತ್ತಿದರೆ ಹತೋಟಿಗೆ ಬರುತ್ತದೆ. ಹೊಸ್ತಿಲು ದಾಟಿ ಬಂದ ಸೊಸೆಯ ಪಾದಕ್ಕೂ ಹೊಲದ ಬೇರಿಗೂ ಏನು ಸಂಬಂಧ? ಆ ವರ್ಷ ಮದುವೆಯೇ ನಡೆಯದ ಮನೆಗಳ ತೊಗರಿಯೂ ಒಣಗಿತಲ್ಲವೇ?

ಸಿಲೊವಾಮಿನ ಗೋಪುರ ಬಿದ್ದು ಹದಿನೆಂಟು ಜನ ಸತ್ತರು. ಅವರು ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೆಂದು ತಿಳಿಯಬೇಡಿ ಎಂಬುದು ಯೇಸುಸ್ವಾಮಿಯ ಬೋಧನೆ (ಲೂಕ 13). ಗೋಪುರ ಬಿದ್ದಾಗ ಅವರು ಅದರ ಕೆಳಗಿದ್ದರು, ಅಷ್ಟೇ. ಸತ್ತವರ ಮೇಲೆ ಅಪರಾಧ ಹೊರಿಸಲು ಸ್ವಾಮಿ ಒಪ್ಪಲಿಲ್ಲ.

ಈಗ ಇನ್ನೊಂದು ತಪ್ಪನ್ನು ನೋಡೋಣ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಗೆ ನುಗ್ಗಿತು. 2024ರ ಬೇಸಿಗೆಯಲ್ಲಿ ಅದೇ ಭೀಮೆ ಬತ್ತಿತು. ನದಿಯ ದಂಡೆಯವರೇ ನೀರಿಗಾಗಿ ಪರದಾಡಿದರು. ಇದು ವಿಪರ್ಯಾಸ. ಇಂಥದ್ದನ್ನು ಕಂಡು ನಾವು “ಏನೋ ಗ್ರಹಚಾರ” ಎಂದು ಕೈಚೆಲ್ಲುತ್ತೇವೆ. ವಿಪರ್ಯಾಸದ ಹಿಂದೆ ಬಹಳ ಸಲ ಕಾರಣವಿರುತ್ತದೆ: ಮಳೆ ಕೈಕೊಟ್ಟದ್ದು, ಮೇಲಿನ ಅಣೆಕಟ್ಟುಗಳಲ್ಲಿ ನೀರು ನಿಂತದ್ದು, ನೀರಿನ ಹಂಚಿಕೆ, ಬಳಕೆ. ಅಲ್ಲಿ ಕೇಳಬೇಕಾದ ಪ್ರಶ್ನೆಗಳಿರುತ್ತವೆ.

ಹೀಗೆ ಕಾಕತಾಳೀಯವನ್ನು ಕಾರಣವೆಂದು ತಿಳಿದರೆ ನಿರಪರಾಧಿಗೆ ಶಿಕ್ಷೆ. ವಿಪರ್ಯಾಸವನ್ನು ಬರೀ ಕಾಕತಾಳೀಯವೆಂದು ತಳ್ಳಿಹಾಕಿದರೆ ಹೊಣೆಗಾರನಿಗೆ ಬಿಡುಗಡೆ.

ಒಂದೇ ಕಥೆಯಲ್ಲಿ ಎರಡೂ ಇರಬಹುದು. ಜೆರಿಕೋ ದಾರಿಯಲ್ಲಿ ಕಳ್ಳರಿಂದ ಪೆಟ್ಟು ತಿಂದವನ ಸಾಮತಿ ನಿಮಗೆಲ್ಲ ಗೊತ್ತು. ಆ ದಾರಿಯಲ್ಲಿ ಒಬ್ಬ ಯಾಜಕ ಬಂದದ್ದು ಆಕಸ್ಮಿಕ. ಸಂತ ಲೂಕರು ಇಲ್ಲಿ ಬಳಸಿರುವ ‘ಸುಂಕುರಿಯ’ ಎಂಬ ಗ್ರೀಕ್ ಪದಕ್ಕೆ ಆಕಸ್ಮಿಕವಾಗಿ ಕೂಡಿಬಂದದ್ದು ಎಂದೇ ಅರ್ಥ; ಹೊಸ ಒಡಂಬಡಿಕೆಯಲ್ಲಿ ಆ ಪದ ಇದೊಂದೇ ಕಡೆ ಬರುತ್ತದೆ. ಆದರೆ ಆ ಯಾಜಕ ಕಂಡೂ ಕಾಣದಂತೆ ಹೋದದ್ದು, ಯೆಹೂದ್ಯರು ಹಗೆಯೆಂದು ದೂರವಿಟ್ಟಿದ್ದ ಸಮಾರ್ಯದವನೇ ಗಾಯ ಕಟ್ಟಿದ್ದು ವಿಪರ್ಯಾಸ. ಬಂದದ್ದು ಆಕಸ್ಮಿಕ, ದಾಟಿಹೋದದ್ದು ಆಯ್ಕೆ.

ಆ ಅತ್ತೆಯ ಮಾತು ಕೇಳಿದ ದಿನ ನಾನೇನು ಮಾಡಿದೆ? ನಕ್ಕು ಸುಮ್ಮನಾದೆ. ಚಹಾ ಕುಡಿದು ಎದ್ದುಬಂದೆ. ಅಂದು ಬೆಳಿಗ್ಗೆ ಬಲಿಪೂಜೆಯಲ್ಲಿ ನಾನು ಪ್ರಬೋಧನೆ ಮಾಡಿದ್ದು ಇದೇ ಸಾಮತಿಯ ಮೇಲೆ. ಅದು ಕಾಕತಾಳೀಯವಿರಬಹುದು. ನನ್ನ ಮೌನ ಕಾಕತಾಳೀಯವಲ್ಲ. ದೀಪದ ಬುಡದ ಕತ್ತಲೆ ಎಂದರೆ ಅದೇ. ಮರುವಾರ ಮತ್ತೆ ಆ ಮನೆಗೆ ಹೋಗಿ, ಅತ್ತೆ ಸೊಸೆ ಇಬ್ಬರನ್ನೂ ಕೂರಿಸಿಕೊಂಡು ನೆಟೆ ರೋಗದ ವಿಷಯ ಹೇಳಿದೆ. ಸೊಸೆ ಏನೂ ಮಾತಾಡಲಿಲ್ಲ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆದ್ದರಿಂದ ಪ್ರಿಯರೇ, ಮನೆಯಲ್ಲಿ ಕೇಡೇನಾದರೂ ಆದಾಗ ಬಾಯಿ ತೆರೆಯುವ ಮುನ್ನ ಎರಡು ಪ್ರಶ್ನೆ ಕೇಳಿಕೊಳ್ಳೋಣ. ಈ ವ್ಯಕ್ತಿ ಇಲ್ಲದಿದ್ದರೂ ಇದು ಆಗುತ್ತಿತ್ತೇ? ಆಗುತ್ತಿತ್ತು ಎಂದಾದರೆ ಅವರನ್ನು ದೂರುವುದು ಬೇಡ. ಆಗಬೇಕಾದದ್ದು ಆಗದೆ ತಿರುವುಮುರುವಾಗಿದೆಯೇ? ಹಾಗಾದರೆ ಅದರಲ್ಲಿ ನನ್ನ ಪಾಲೆಷ್ಟು ಎಂದು ಮೊದಲು ನೋಡಿಕೊಳ್ಳೋಣ.